ಅಪ್‌ಡೇಟ್: ಲ್ಯಾಬ್‌ನಲ್ಲಿ ಲಾಗಿನ್ ಆಗದ ಕಂಪ್ಯೂಟರ್‌ಗಳು ಸರಿಹೋದವು

ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಇರುವ ಲ್ಯಾಬ್‌ನ ಆರು ಕಂಪ್ಯೂಟರ್‌ಗಳಲ್ಲಿ ಮಾತ್ರ ವಿದ್ಯಾರ್ಥಿಗಳ ಲಾಗಿನ್ ಆಗುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ, ಈಗ ಎಲ್ಲವೂ ಸರಿಹೋಗಿವೆ.

ಪಾಸ್‌ವರ್ಡ್ ರೀಸೆಟ್ ಮಾಡಿದ್ದು ಸುಮ್ನೆ ದಂಡವಾಯಿತು. ಲಾಗಿನ್ ನೋಡಿಕೊಳ್ಳುವ ಎಸ್‌ಎಸ್‌ಎಸ್‌ಡಿ ಸಾಫ್ಟ್‌ವೇರ್ ಉಳಿಸಿಟ್ಟ ಹಳೆಯ ಮಾಹಿತಿ (ಕ್ಯಾಶ್) ಅಳಿಸಿದರೂ ಅಷ್ಟೇ. "ಮೊದಲು ಟೈಮ್ ನೋಡಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್! ಬಯಾಸ್ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ಗಳ ಪರದೆ) ತೆರೆದರೆ 2015ರ ಜನವರಿ 1 ಅಂತ ತೋರಿಸುತ್ತಿತ್ತು. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವ ಮದರ್‌ಬೋರ್ಡ್‌ನ ಬಟನ್ ಸೆಲ್ ಸತ್ತಿತ್ತು. ಸಂಜೆ ಮೇನ್ ಸ್ವಿಚ್ ಆಫ್ ಮಾಡಿದರೆ ಸಾಕು, ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು. ಸರ್ವರ್‌ಗೂ ಕಂಪ್ಯೂಟರ್‌ಗೂ ಟೈಮ್‌ನಲ್ಲಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಲಾಗಿನ್ ಪರಿಶೀಲಿಸುವ ಕರ್ಬೆರೋಸ್ ವ್ಯವಸ್ಥೆ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ ಅಷ್ಟೇ!

ಇಂಟರ್ನೆಟ್‌ನಿಂದ ಟೈಮ್ ತಾನಾಗಿ ಸರಿಯಾಗಬೇಕಿತ್ತು, ಅಲ್ವಾ? ಆದರೆ ಫೈರ್‌ವಾಲ್‌ನಲ್ಲಿ ಟೈಮ್ ಮಾಹಿತಿ ಬರುವ ದಾರಿ, ಯುಡಿಪಿ 123 ಪೋರ್ಟ್, ಮುಚ್ಚಿತ್ತು. ಈಗ ಟೈಮ್ ಸರಿಪಡಿಸುವ ಕ್ರೋನಿ ಸಾಫ್ಟ್‌ವೇರ್ ಹಾಕಿ, ಕ್ಯಾಂಪಸ್ ಸರ್ವರ್‌ನಿಂದಲೇ ಟೈಮ್ ತೆಗೆದುಕೊಳ್ಳುವಂತೆ ಮಾಡಿದ್ದೇನೆ. ಆರಕ್ಕೂ ಹೊಸ ಸಿಆರ್2032 ಸೆಲ್ ಹಾಕಿದೆ. ನಾಲ್ಕು ದಿನದಿಂದ ಒಂದೂ ದೂರು ಬಂದಿಲ್ಲ.