ರಸಪ್ರಶ್ನೆಯಲ್ಲಿ ಸರಿಯುತ್ತರದ ಕೆಳಗೆ ಕೊಡುವ ವಿವರಣೆ ಹೇಗಿರಬೇಕು?

ನಾಲೆಯಂಚು, ಮಂಡ್ಯ

ಮಂಡ್ಯದಲ್ಲಿ ನಾವು ಕೆಲವರು ಸೇರಿಕೊಂಡು, ಕೆಎಎಸ್, ಎಫ್‌ಡಿಎ ಪರೀಕ್ಷೆಗಳಿಗೆ ಓದುತ್ತಿರುವವರಿಗೂ ಪ್ರೌಢಶಾಲೆಯ ಮಕ್ಕಳಿಗೂ ಉಪಯೋಗವಾಗಲೆಂದು ವಾರಕ್ಕೊಂದು ಆನ್‌ಲೈನ್ ರಸಪ್ರಶ್ನೆ ನಡೆಸುತ್ತಿದ್ದೇವೆ. ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆಗಳಿರುತ್ತವೆ. ಒಂದನ್ನು ಒತ್ತಿದ ಕೂಡಲೇ ಅದು ಸರಿಯೋ ತಪ್ಪೋ ಎಂಬುದು ಕಾಣಿಸುತ್ತದೆ. ಅದರ ಕೆಳಗೆ ನಾವು ಬರೆದ ವಿವರಣೆ ತೆರೆದುಕೊಳ್ಳುತ್ತದೆ. ಪ್ರಶ್ನೆ ರಚಿಸುವ ಉತ್ಸಾಹಕ್ಕೆ ನಮ್ಮಲ್ಲಿ ಕೊರತೆಯಿಲ್ಲ, ತೊಡಕಾಗಿರುವುದು ಈ ವಿವರಣೆಯೇ.

ಕೃಷ್ಣರಾಜಸಾಗರ ಯಾವ ನದಿಯ ಮೇಲಿದೆ ಎಂಬ ಪ್ರಶ್ನೆಗೆ ನಮ್ಮಲ್ಲೊಬ್ಬರು ‘ಕೃಷ್ಣರಾಜಸಾಗರ ಅಣೆಕಟ್ಟನ್ನು ಕಾವೇರಿ ನದಿಗೆ ಅಡ್ಡಲಾಗಿ ಕಟ್ಟಲಾಗಿದೆ’ ಎಂದಷ್ಟೇ ಬರೆದರು. ಪ್ರಶ್ನೆಯನ್ನೂ ಉತ್ತರವನ್ನೂ ಕೂಡಿಸಿ ಮತ್ತೊಮ್ಮೆ ಹೇಳಿದ್ದು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಇನ್ನೊಬ್ಬರು ಅದೇ ಪ್ರಶ್ನೆಗೆ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49.45 ಟಿಎಂಸಿ, ಸಿಮೆಂಟಿನ ಬದಲು ಬಳಸಿದ ಸುರ್ಕಿ ಗಾರೆ, ಬೃಂದಾವನ, ತಮಿಳುನಾಡಿನೊಂದಿಗಿನ ವಿವಾದ ಎಲ್ಲವನ್ನೂ ತುಂಬಿದರು. ಮೊದಲನೆಯದು ಏನನ್ನೂ ಕಲಿಸುವುದಿಲ್ಲ, ಎರಡನೆಯದನ್ನು ಯಾರೂ ಕೊನೆಯವರೆಗೆ ಓದುವುದಿಲ್ಲ.

ಹಾಗಾದರೆ ವಿವರಣೆ ಎಷ್ಟು ಉದ್ದವಿರಬೇಕು, ತಪ್ಪು ಆಯ್ಕೆಗಳ ಬಗೆಗೂ ಅದರಲ್ಲಿ ಹೇಳಬೇಕೆ, ‘ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಶಿವನಸಮುದ್ರ’ ಎಂಬಂಥ, ಎಲ್ಲ ಕೈಪಿಡಿಗಳಲ್ಲೂ ಇರುವ ಆದರೆ ಕೆಲವರು ಒಪ್ಪದ ಹೇಳಿಕೆಗಳಿಗೆ ವಿವರಣೆಯನ್ನು ಹೇಗೆ ಬರೆಯಬೇಕು ಎಂಬುದನ್ನು ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.

ಸರಸ್ವತಿಪುರಂ ಓದುಗ, ಮೈಸೂರು

ಉದ್ದದ ಪ್ರಶ್ನೆಯನ್ನು ಕೊನೆಗಿಡೋಣ, ಏಕೆಂದರೆ ವಿವರಣೆ ಯಾರಿಗಾಗಿ ಎಂಬುದು ತೀರ್ಮಾನವಾದರೆ ಉದ್ದ ತಾನಾಗಿಯೇ ತೀರ್ಮಾನವಾಗುತ್ತದೆ. ಸರಿಯುತ್ತರ ಗೊತ್ತಿದ್ದವರು ವಿವರಣೆಯತ್ತ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ತಪ್ಪು ಆಯ್ಕೆಯನ್ನು ಒತ್ತಿದವರು ಮಾತ್ರ ಅಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ, ಮತ್ತು ಅವರಲ್ಲಿ ಹೆಚ್ಚಿನವರು ಒತ್ತಿರುವುದು ನಾಲ್ಕರಲ್ಲಿ ಒಂದು ನಿರ್ದಿಷ್ಟ ಆಯ್ಕೆಯನ್ನೇ. ಆ ಆಯ್ಕೆ ಏಕೆ ಸರಿಯೆಂದು ತೋರುತ್ತದೆ, ಆದರೂ ಏಕೆ ಸರಿಯಲ್ಲ ಎಂಬುದನ್ನು ಹೇಳುವುದೇ ವಿವರಣೆಯ ಮುಖ್ಯ ಕೆಲಸ ಎಂದು ನಾನು ನಂಬಿದ್ದೇನೆ. ಉಳಿದ ಎರಡು ಆಯ್ಕೆಗಳ ಗೊಡವೆಗೆ ಹೋಗಬೇಕಾಗಿಲ್ಲ.

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು ಯಾವಾಗ ಎಂಬ ಪ್ರಶ್ನೆಗೆ 1947, 1950, 1956, 1973 ಎಂಬ ಆಯ್ಕೆಗಳನ್ನು ಕೊಟ್ಟಿದ್ದೀರಿ ಎಂದುಕೊಳ್ಳಿ. ತಪ್ಪುವವರು ತಪ್ಪುವುದು 1956ರಲ್ಲಿ. ಅದಕ್ಕೆ ಬಲವಾದ ಕಾರಣವಿದೆ: ನಾವು ರಾಜ್ಯೋತ್ಸವ ಆಚರಿಸುವ ನವೆಂಬರ್ 1 ಎರಡು ಘಟನೆಗಳಿಗೂ ಸೇರಿದ ದಿನ. ಆದ್ದರಿಂದ ವಿವರಣೆಯನ್ನು ಹೀಗೆ ಬರೆಯಬಹುದು: ‘1956ರ ನವೆಂಬರ್ 1ರಂದು ಕನ್ನಡ ಮಾತನಾಡುವ ಪ್ರದೇಶಗಳು ಒಂದು ರಾಜ್ಯವಾಗಿ ಸೇರಿದವು, ಆದರೆ ಹೆಸರು ಮೈಸೂರು ಎಂದೇ ಉಳಿಯಿತು. ಅದು ಕರ್ನಾಟಕವಾದದ್ದು ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1973ರ ನವೆಂಬರ್ 1ರಂದು.’ ಎರಡೇ ವಾಕ್ಯ. ಇದನ್ನು ಓದಿದವರು ಆ ಎರಡು ಇಸವಿಗಳನ್ನು ಮತ್ತೆ ಬೆರೆಸುವ ಸಂಭವ ಕಡಿಮೆ.

ನಿಮ್ಮ ಕೃಷ್ಣರಾಜಸಾಗರದ ಪ್ರಶ್ನೆಯ ತೊಂದರೆ ವಿವರಣೆಯಲ್ಲಿಲ್ಲ, ಪ್ರಶ್ನೆಯಲ್ಲಿದೆ. ಮಂಡ್ಯದ ಮಕ್ಕಳಿಗೆ ಅದು ಕಾವೇರಿಯ ಮೇಲಿದೆ ಎಂಬುದರಲ್ಲಿ ವಿವರಿಸಲು ಏನೂ ಇಲ್ಲವಾದ್ದರಿಂದಲೇ ಒಬ್ಬರು ಬರಿದಾದ ವಾಕ್ಯವನ್ನೂ ಇನ್ನೊಬ್ಬರು ಸಂಬಂಧವಿಲ್ಲದ ಅಂಕಿಗಳನ್ನೂ ಬರೆದರು. ಅದೇ ಅಣೆಕಟ್ಟೆಯ ಬಗ್ಗೆ, ಕಟ್ಟುವ ಕೆಲಸ ಮುಗಿದಾಗ ಮೈಸೂರಿನ ದಿವಾನರು ಯಾರಾಗಿದ್ದರು ಎಂದು ಕೇಳಿ ನೋಡಿ. ಬಹುಪಾಲು ಜನ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಒತ್ತುತ್ತಾರೆ. 1911ರಲ್ಲಿ ಕೆಲಸ ಆರಂಭವಾದಾಗ ಅವರು ಮುಖ್ಯ ಎಂಜಿನಿಯರ್ ಆಗಿದ್ದರು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಅಣೆಕಟ್ಟೆ ಪೂರ್ಣಗೊಂಡದ್ದು 1930ರ ದಶಕದ ಆರಂಭದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ. ಇಲ್ಲಿ ವಿವರಣೆಗೆ ಮಾಡಲು ಕೆಲಸವಿದೆ, ಮತ್ತು ಆ ಕೆಲಸ ಮುಗಿಸಲು ಇಷ್ಟೇ ಮಾತು ಸಾಕು. ಪ್ರಶ್ನೆಯನ್ನು ಅಂತಿಮಗೊಳಿಸುವ ಮೊದಲೇ ವಿವರಣೆಯನ್ನು ಬರೆಯುವ ಪದ್ಧತಿಯನ್ನು ನಿಮ್ಮ ಬಳಗದಲ್ಲಿ ತನ್ನಿ. ಬರೆಯಲು ಏನೂ ತೋಚದಿದ್ದರೆ ಪ್ರಶ್ನೆಯನ್ನೇ ಬದಲಿಸಿ.

ಬ್ಲಫ್ ದಾರಿ, ಮಳವಳ್ಳಿ

ಶಿವನಸಮುದ್ರ ನಮ್ಮ ತಾಲ್ಲೂಕಿನದು, ಅದರ ಬಗ್ಗೆ ನನಗೆ ಅಭಿಮಾನವಿದೆ. ಆ ಅಭಿಮಾನದಿಂದಲೇ ಹೇಳುತ್ತಿದ್ದೇನೆ: ‘ಏಷ್ಯಾದ ಮೊದಲ’ ಎಂಬ ಪ್ರಶ್ನೆಯನ್ನು ದಯವಿಟ್ಟು ಕೈಬಿಡಿ. ನಮ್ಮಲ್ಲಿ ಉತ್ಪಾದನೆ ಆರಂಭವಾದದ್ದು 1902ರಲ್ಲಿ. ಡಾರ್ಜಿಲಿಂಗ್ ಬಳಿಯ ಸಿದ್ರಾಪೋಂಗ್‌ನಲ್ಲಿ 1897ರಲ್ಲೇ ಸಣ್ಣ ಜಲವಿದ್ಯುತ್ ಕೇಂದ್ರ ಆರಂಭವಾಗಿತ್ತು, ಜಪಾನಿನ ಕ್ಯೋಟೊದಲ್ಲಿ ಬಿವಾ ಸರೋವರದ ಕಾಲುವೆಯ ನೀರಿನಿಂದ 1891ರಲ್ಲೇ ವಿದ್ಯುತ್ ಉತ್ಪಾದನೆಯಾಗುತ್ತಿತ್ತು. ಹೀಗಿರುವಾಗ ‘ಕೆಲವರ ಪ್ರಕಾರ’ ಎಂದು ವಿವರಣೆಯಲ್ಲಿ ಸೇರಿಸಿ ಪ್ರಶ್ನೆಯನ್ನು ಉಳಿಸಿಕೊಳ್ಳುವುದು ನ್ಯಾಯವಲ್ಲ. ಉತ್ತರ ಸರಿಯಾಗಿದ್ದು ಅದಕ್ಕೊಂದು ವಿನಾಯಿತಿ ಇದ್ದರೆ ಅದನ್ನು ವಿವರಣೆ ಹೇಳಬಹುದು, ಆದರೆ ತಪ್ಪಾಗಿರುವ ಉತ್ತರವನ್ನು ವಿವರಣೆ ಸರಿಪಡಿಸಲಾರದು.

ಇದರಿಂದ ಶಿವನಸಮುದ್ರದ ಹಿರಿಮೆಗೆ ಕುಂದು ಬರುವುದಿಲ್ಲ. ಅದರ ನಿಜವಾದ ಸಾಧನೆ, ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳವರೆಗೆ ತಂತಿಯಲ್ಲಿ ಒಯ್ದದ್ದು; ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಒಂದು. ಗಣಿಯ ಯಂತ್ರಗಳಿಗೆ ಎಡೆಬಿಡದ ಶಕ್ತಿ ಬೇಕಿತ್ತು, ಅದಕ್ಕೆ ಹಣ ಕೊಡುವ ಶಕ್ತಿಯೂ ಗಣಿ ಕಂಪನಿಗಳಿಗಿತ್ತು, ಆದ್ದರಿಂದ ಯೋಜನೆ ಕಾರ್ಯಸಾಧ್ಯವಾಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿದದ್ದು ಅದರ ನಂತರ, 1905ರಲ್ಲಿ. ಯೋಜನೆಯ ಬೆನ್ನಿಗೆ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದು ಪೂರ್ಣವಾಗುವ ಮೊದಲೇ, 1901ರಲ್ಲಿ ತೀರಿಕೊಂಡರು ಎಂಬುದನ್ನು ನೆನೆದರೆ ಈಗಲೂ ಮನಸ್ಸಿಗೆ ನೋವಾಗುತ್ತದೆ.

ಆದ್ದರಿಂದ ‘1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಯಾವ ಸ್ಥಳಕ್ಕೆ ಹೋಯಿತು?’ ಎಂದು ಕೇಳಿ, ಮೈಸೂರು, ಬೆಂಗಳೂರು, ಮಂಡ್ಯ, ಕೋಲಾರ ಚಿನ್ನದ ಗಣಿ ಎಂಬ ಆಯ್ಕೆಗಳನ್ನು ಕೊಡಿ. ಮೊದಲು, ಅತಿ ದೊಡ್ಡ, ಅತಿ ಎತ್ತರದ, ಏಕೈಕ ಎಂಬ ಮಾತುಗಳು ಎಲ್ಲಿ ಬಂದರೂ ಅದು ಯಾವ ವ್ಯಾಪ್ತಿಯಲ್ಲಿ ಎಂಬುದು ಪ್ರಶ್ನೆಯಲ್ಲೇ ಇರಬೇಕು. ಒಂದು ಕೈಪಿಡಿಯಿಂದ ಇನ್ನೊಂದು ಕೈಪಿಡಿಗೆ ಇಳಿದು ಬಂದ ವಾಕ್ಯ ಹತ್ತು ಕಡೆ ಸಿಕ್ಕಿತೆಂದರೆ ಅದಕ್ಕೆ ಹತ್ತು ಆಧಾರಗಳಿವೆ ಎಂದು ಅರ್ಥವಲ್ಲ.

ವಿಜ್ಞಾನ ಶಿಕ್ಷಕಿ, ಶ್ರೀರಂಗಪಟ್ಟಣ

ಮೇಲಿನ ಇಬ್ಬರೂ ಇತಿಹಾಸದ ಪ್ರಶ್ನೆಗಳನ್ನೇ ತೆಗೆದುಕೊಂಡಿದ್ದಾರೆ. ವಿಜ್ಞಾನದ ಪ್ರಶ್ನೆಗೆ ವಿವರಣೆ ಬರೆಯುವಾಗ ಕಾರಣದ ಸರಪಣಿಯನ್ನು ಎಲ್ಲಿಯೂ ಕಡಿಯಬಾರದು ಎಂಬುದನ್ನು ಸೇರಿಸಲು ಇಚ್ಛಿಸುತ್ತೇನೆ. ಮತದಾನದಲ್ಲಿ ಬೆರಳಿಗೆ ಹಚ್ಚುವ ಶಾಯಿಯಲ್ಲಿರುವ ರಾಸಾಯನಿಕ ಯಾವುದು ಎಂಬ ಪ್ರಶ್ನೆ ಎಲ್ಲ ಕಡೆ ಇದೆ. ‘ಸಿಲ್ವರ್ ನೈಟ್ರೇಟ್, ಇದನ್ನು ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆ ತಯಾರಿಸುತ್ತದೆ, 1962ರ ಚುನಾವಣೆಯಿಂದ ಬಳಕೆಯಲ್ಲಿದೆ’ ಎಂಬ ವಿವರಣೆಯೂ ಎಲ್ಲ ಕಡೆ ಇದೆ. ಅದು ಸತ್ಯವೇ. ಆದರೆ ಆ ಶಾಯಿ ಏಕೆ ಅಳಿಸುವುದಿಲ್ಲ ಎಂದು ಮಗು ಕೇಳಿದರೆ ಅದರಲ್ಲಿ ಉತ್ತರವಿಲ್ಲ.

ನಾನು ಹೀಗೆ ಬರೆಯುತ್ತೇನೆ: ‘ಸಿಲ್ವರ್ ನೈಟ್ರೇಟ್ ಬೆವರಿನ ಉಪ್ಪಿನೊಂದಿಗೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ, ಬೆಳಕು ಬಿದ್ದಾಗ ಬೆಳ್ಳಿಯ ಸೂಕ್ಷ್ಮ ಕಣಗಳಾಗಿ ಒಡೆದು ಕಪ್ಪಾಗುತ್ತದೆ. ಆ ಕಲೆ ಚರ್ಮದ ಹೊರಪದರ ಉದುರಿದಾಗ, ಉಗುರು ಬೆಳೆದಾಗ ಮಾತ್ರ ಹೋಗುತ್ತದೆ.’ ಆಯ್ಕೆಗಳಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಇದ್ದರೆ ಮತ್ತೊಂದು ವಾಕ್ಯ ಬೇಕೇ ಬೇಕು, ಏಕೆಂದರೆ ಅದೂ ಚರ್ಮಕ್ಕೆ ಕಂದು ಕಲೆ ಮಾಡುತ್ತದೆ ಎಂಬುದನ್ನು ಮಕ್ಕಳು ಪ್ರಯೋಗಾಲಯದಲ್ಲಿ ಕಂಡಿರುತ್ತಾರೆ. ಆ ಕಲೆ ಮ್ಯಾಂಗನೀಸ್ ಡೈಆಕ್ಸೈಡಿನದು, ವಿಟಮಿನ್ ಸಿ ದ್ರಾವಣದಿಂದ ತೆಗೆಯಬಹುದಾದದ್ದು. ಕಾರ್ಖಾನೆಯ ಹೆಸರು, ಇಸವಿ ಕೊನೆಗೆ ಬಂದರೆ ಸಾಕು. ಪ್ರಶ್ನೆ ಅದರ ಬಗ್ಗೆಯಲ್ಲ.

ಹೆಚ್ಚುವರಿ ಮಾಹಿತಿ ಕೊಡಲೇಬಾರದು ಎಂದು ನಾನು ಹೇಳುವುದಿಲ್ಲ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಯಾವ ಊರಿನಲ್ಲಿ ಗುರುತಿಸಿದರು ಎಂಬ ಪ್ರಶ್ನೆಗೆ ಮೈಸೂರಿನ ಓರಿಯಂಟಲ್ ಲೈಬ್ರರಿ ಉತ್ತರ. ಆ ಪ್ರತಿ, ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿಯಲ್ಲಿತ್ತು, 1909ರಲ್ಲಿ ಅದು ಮುದ್ರಣಗೊಳ್ಳುವವರೆಗೆ ಆಧುನಿಕ ವಿದ್ವಾಂಸರು ಆ ಕೃತಿಯನ್ನು ಬೇರೆ ಗ್ರಂಥಗಳಲ್ಲಿನ ಉಲ್ಲೇಖಗಳ ಮೂಲಕವೇ ಬಲ್ಲವರಾಗಿದ್ದರು ಎಂದು ಸೇರಿಸಿದರೆ, ಆ ಗುರುತಿಸುವಿಕೆ ಏಕೆ ಅಷ್ಟು ದೊಡ್ಡ ಸಂಗತಿಯಾಯಿತು ಎಂಬುದು ತಿಳಿಯುತ್ತದೆ. ಶಾಸ್ತ್ರಿಗಳ ಉಳಿದ ಕೃತಿಗಳ ಪಟ್ಟಿ ಅಲ್ಲಿ ಬೇಡ.

ಮಕ್ಕಳು ಓದುತ್ತಾರೆಂದಿರಿ. ‘ಎಲ್ಲರಿಗೂ ತಿಳಿದಿರುವಂತೆ’, ‘ಸುಲಭವಾಗಿ ಊಹಿಸಬಹುದಾದಂತೆ’ ಎಂಬ ಮಾತುಗಳನ್ನು ಎಲ್ಲಿಯೂ ಬಳಸಬೇಡಿ. ತಪ್ಪು ಉತ್ತರ ಒತ್ತಿದ ಮಗುವಿಗೆ ಅದು ನೋವುಂಟುಮಾಡುತ್ತದೆ. ಉದ್ದದ ವಿಷಯದಲ್ಲಿ, ಫೋನಿನ ಪರದೆಯನ್ನು ಸರಿಸದೆ ಓದಿ ಮುಗಿಸುವಷ್ಟು ಇದ್ದರೆ ನನ್ನ ಮಟ್ಟಿಗೆ ಸಾಕು.

ನಾಲೆಯಂಚು, ಮಂಡ್ಯ

ಮೂವರಿಗೂ ಮನಃಪೂರ್ವಕ ವಂದನೆಗಳು. ಶಿವನಸಮುದ್ರದ ಪ್ರಶ್ನೆಯನ್ನು ಸೂಚಿಸಿದಂತೆಯೇ ಬದಲಿಸುತ್ತೇವೆ, ವಿವರಣೆಯನ್ನು ಮೊದಲು ಬರೆಯುವ ಪದ್ಧತಿಯನ್ನು ಮುಂದಿನ ವಾರದಿಂದಲೇ ಆರಂಭಿಸುತ್ತೇವೆ. ಇನ್ನೊಂದು ಸಂದೇಹ ಉಳಿದಿದೆ. ರಂಗನತಿಟ್ಟು 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ‘ಕರ್ನಾಟಕದ ಏಕೈಕ ರಾಮ್ಸಾರ್ ತಾಣ ಯಾವುದು?’ ಎಂಬ ಪ್ರಶ್ನೆಯನ್ನು ಹಾಕಿದ್ದೆವು. ಅಂದು ಅದು ಸರಿಯಾಗಿತ್ತು. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಕೂಡ ಸೇರಿದವು. ಹಳೆಯ ರಸಪ್ರಶ್ನೆಗಳನ್ನು ಈಗಲೂ ಅಭ್ಯಾಸಕ್ಕೆ ತೆರೆಯುವವರಿದ್ದಾರೆ. ಅಂಥ ಪ್ರಶ್ನೆಯನ್ನು ಅಳಿಸಬೇಕೆ, ವಿವರಣೆಯನ್ನು ಮಾತ್ರ ತಿದ್ದಬೇಕೆ?

ಸರಸ್ವತಿಪುರಂ ಓದುಗ, ಮೈಸೂರು

ಅಳಿಸಬೇಡಿ. ಪ್ರಶ್ನೆಯಲ್ಲಿ ‘ಏಕೈಕ’ ಎಂಬುದನ್ನು ತೆಗೆದು ‘ರಾಮ್ಸಾರ್ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ತಾಣ’ ಎಂದು ಮಾಡಿದರೆ ರಂಗನತಿಟ್ಟು ಎಂಬ ಉತ್ತರ ಹಾಗೆಯೇ ನಿಲ್ಲುತ್ತದೆ, ಈಗಾಗಲೇ ಅಂಕ ಪಡೆದವರಿಗೂ ತೊಂದರೆಯಾಗುವುದಿಲ್ಲ. ವಿವರಣೆಯಲ್ಲಿ ನಂತರ ಸೇರಿದ ಮೂರು ತಾಣಗಳ ಹೆಸರನ್ನೂ, ತಿದ್ದಿದ ತಿಂಗಳು ಮತ್ತು ಇಸವಿಯನ್ನೂ ಬರೆಯಿರಿ. ಹಳೆಯ ಪ್ರತಿಯನ್ನು ಟಿಪ್ಪಣಿ ಪುಸ್ತಕಕ್ಕೆ ಬರೆದುಕೊಂಡವರು ಮತ್ತೆ ಬಂದು ನೋಡಿದಾಗ, ತಾವು ಬರೆದುಕೊಂಡದ್ದು ಯಾವ ಕಾಲದ ಮಾಹಿತಿ ಎಂಬುದು ಅವರಿಗೆ ತಿಳಿಯಬೇಕು. ಪಟ್ಟಿಗಳು, ಹುದ್ದೆಗಳು, ಜನಸಂಖ್ಯೆ, ದಾಖಲೆಗಳು ಇರುವ ಪ್ರಶ್ನೆಗಳನ್ನೆಲ್ಲ ಬೇರೆ ಗುಂಪಾಗಿ ಗುರುತಿಸಿಟ್ಟುಕೊಂಡರೆ, ವರ್ಷಕ್ಕೊಮ್ಮೆ ಅವುಗಳನ್ನು ಮಾತ್ರ ತೆರೆದು ನೋಡಿದರಾಯಿತು.