ವರ್ಡ್‌ಪ್ರೆಸ್ 4.9ರಿಂದ ನೇರ 6.9ಕ್ಕೆ ಬಂದೆವು, ಡ್ಯಾಶ್‌ಬೋರ್ಡ್‌ನಲ್ಲಿ ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು?

ನಾಲೆಬದಿ, ಮಂಡ್ಯ

ನಮಸ್ಕಾರ. ನಾವು ಮೂರು ಜನ ಸೇರಿ ಒಂದು ಬ್ಲಾಗ್ ನಡೆಸುತ್ತೇವೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು, ಕಬ್ಬು, ಭತ್ತ, ಕೆಆರ್‌ಎಸ್ ಅಣೆಕಟ್ಟೆಯ ಮಟ್ಟ, ಇಂಥದ್ದೇ ವಿಷಯ. ಬೇರೆ ಹೋಸ್ಟಿಂಗ್ ತೆಗೆದುಕೊಂಡು ಅದರಲ್ಲಿ ಬ್ಲಾಗ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ ಹಾಕಿದ್ದೇವೆ. ವರ್ಷಗಟ್ಟಲೆ 4.9ರಲ್ಲೇ ಇತ್ತು, ನಡೆಯುತ್ತಿದೆಯಲ್ಲ ಅಂತ ಯಾರೂ ಮುಟ್ಟಿರಲಿಲ್ಲ. ಹೋದ ವಾರ ಗೆಳೆಯ ಬ್ಯಾಕಪ್ ತೆಗೆದು 6.9ಕ್ಕೆ ಏರಿಸಿದ. ಓದುಗರಿಗೆ ಏನೂ ವ್ಯತ್ಯಾಸ ಕಾಣುತ್ತಿಲ್ಲ, ಆದರೆ ಲಾಗಿನ್ ಆದರೆ ನನಗೆ ಗುರುತೇ ಸಿಗುತ್ತಿಲ್ಲ. ಡ್ಯಾಶ್‌ಬೋರ್ಡ್ ತುಂಬಾ ಡಬ್ಬಿಗಳು, ಸೈಟ್ ಹೆಲ್ತ್ ಅಂತ ಒಂದು ಹೊಸದು, ಬರೆಯುವ ಜಾಗ ಅಂತೂ ಪೂರ್ತಿ ಬೇರೆ. ಇದರಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಯಾವುದು? ಎಲ್ಲಾ ಕಲಿಯುವಷ್ಟು ಪುರುಸೊತ್ತಿಲ್ಲ.

ಕುಕ್ಕರಹಳ್ಳಿ ವಾಕರ್, ಮೈಸೂರು

ಮೊದಲು ಮೇಲೆ ಬಲಗಡೆ ಸ್ಕ್ರೀನ್ ಆಪ್ಷನ್ಸ್ ಒತ್ತಿ. ಬೇಡದ ಡಬ್ಬಿಗಳ ಟಿಕ್ ತೆಗೆಯಿರಿ. ಅಷ್ಟೇ, ಅರ್ಧ ತಲೆನೋವು ಹೋಯಿತು. ಇದು ಒಬ್ಬೊಬ್ಬರ ಲಾಗಿನ್‌ಗೆ ಬೇರೆ ಬೇರೆ ಉಳಿಯುತ್ತದೆ, ಹಾಗಾಗಿ ನೀವು ಮುಚ್ಚಿದರೆ ಗೆಳೆಯರದ್ದು ಮುಚ್ಚುವುದಿಲ್ಲ.

ನಿಜ ಹೇಳಬೇಕೆಂದರೆ ಡಬ್ಬಿಗಳಲ್ಲಿ ಮುಖ್ಯವಾಗಿ ಹೊಸದು ಸೈಟ್ ಹೆಲ್ತ್ ಒಂದೇ. ಕ್ವಿಕ್ ಡ್ರಾಫ್ಟ್, ಆ್ಯಕ್ಟಿವಿಟಿ, ಸುದ್ದಿಯ ಡಬ್ಬಿ ಎಲ್ಲಾ ನಿಮ್ಮ 4.9ರಲ್ಲೂ ಇದ್ದವು. ಉಳಿದವು ಪ್ಲಗಿನ್‌ಗಳು (ವರ್ಡ್‌ಪ್ರೆಸ್‌ಗೆ ಹೆಚ್ಚುವರಿಯಾಗಿ ಹಾಕಿಕೊಳ್ಳುವ ಚಿಕ್ಕ ತಂತ್ರಾಂಶಗಳು) ತಂದು ಸುರಿದಿರುವ ಜಾಹೀರಾತು ಇರಬಹುದು, ಮುಚ್ಚಿ. ಸೈಟ್ ಹೆಲ್ತ್ ಮಾತ್ರ ಇರಲಿ, ಸೈಟ್‌ನಲ್ಲಿ ಏನು ಸರಿಯಿಲ್ಲ ಅಂತ ಹೇಳುವುದು ಅದೇ. 2019ರಲ್ಲಿ 5.2ರ ಜೊತೆ ಬಂತು, ಮುಂದಿನ ವರ್ಷ ಡ್ಯಾಶ್‌ಬೋರ್ಡ್‌ಗೂ ಬಂತು. ವರ್ಡ್‌ಪ್ರೆಸ್ ನಡೆಯಲು ಹೋಸ್ಟಿಂಗ್‌ನಲ್ಲಿ ಬೇಕಾದ ಪಿಎಚ್‌ಪಿ ಹಳೆಯದಾಗಿದ್ದರೆ ಅದೇ ಹೇಳುತ್ತದೆ. ಅಷ್ಟು ವರ್ಷ ಮುಟ್ಟದ ಸೈಟ್ ಅಂದರೆ ಹೇಳಿಯೇ ಹೇಳುತ್ತದೆ ಬಿಡಿ.

ಇನ್ನೊಂದು, ಪ್ಲಗಿನ್ಸ್ ಪುಟದಲ್ಲಿ ಈಗ ಆಟೋ ಅಪ್‌ಡೇಟ್ ಕಾಲಂ ಇದೆ. 2024ರ 6.6ರಿಂದ, ತಾನಾಗೇ ಅಪ್‌ಡೇಟ್ ಆದ ಪ್ಲಗಿನ್‌ನಿಂದ ಸೈಟ್ ಬಿದ್ದುಹೋಗುವಂತಾದರೆ ಅದೇ ಹಳೇ ಆವೃತ್ತಿಗೆ ವಾಪಸ್ ಹೋಗುತ್ತದೆ. ಆನ್ ಮಾಡಿ, ಆದರೆ ಬ್ಯಾಕಪ್ ಬಿಡಬೇಡಿ.

ಕಂಟ್ರೋಲ್ ಜೊತೆ ಕೆ ಒತ್ತಿದರೆ ಹುಡುಕುವ ಪೆಟ್ಟಿಗೆ ಬರುತ್ತದೆ. ಮೊದಲು ಎಡಿಟರ್‌ನಲ್ಲಿ ಮಾತ್ರ ಇತ್ತು, 6.9ರಲ್ಲಿ ಡ್ಯಾಶ್‌ಬೋರ್ಡ್‌ನ ಎಲ್ಲಾ ಪುಟಗಳಲ್ಲೂ ಬಂದಿದೆ. ಮೆನು ಹುಡುಕಿ ಸುಸ್ತಾದವರಿಗೆ ಒಳ್ಳೆಯದು.

ಮದ್ದೂರು ವಡೆ

ಬರೆಯುವ ಜಾಗ ಬದಲಾಗಿದ್ದು ಈಗಲ್ಲ ಸ್ವಾಮಿ, 2018ರ ಡಿಸೆಂಬರ್‌ನಲ್ಲಿ 5.0 ಬಂದಾಗಲೇ. ನೀವು ಈಗ ನೋಡುತ್ತಿದ್ದೀರಿ ಅಷ್ಟೇ. ಪ್ರತಿ ಪ್ಯಾರಾ, ಚಿತ್ರ ಒಂದೊಂದು ಬ್ಲಾಕ್ ಆಗಿರುವ ಈ ಹೊಸ ಜಾಗಕ್ಕೆ ಬ್ಲಾಕ್ ಎಡಿಟರ್ ಅಂತಾರೆ, ನನ್ನ ಮಟ್ಟಿಗೆ ಉದ್ದನೆ ಬರಹಕ್ಕೆ ಅದು ಕಿರಿಕಿರಿ. ಕ್ಲಾಸಿಕ್ ಎಡಿಟರ್ ಪ್ಲಗಿನ್ ಹಾಕಿದರೆ ಹಳೇದು ವಾಪಸ್ ಸಿಗುತ್ತದೆ, ಯಾರಿಗೆ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಲು ಸೆಟ್ಟಿಂಗ್ ಕೂಡ ಇದೆ. ಹಳೇ ಬರಹಗಳನ್ನೆಲ್ಲ ಬ್ಲಾಕ್‌ಗೆ ಬದಲಾಯಿಸುತ್ತಾ ಕೂರಬೇಡಿ. ಅವು ಕ್ಲಾಸಿಕ್ ಬ್ಲಾಕ್ ಅಂತ ಒಂದೇ ತುಂಡಾಗಿ ತೆರೆಯುತ್ತವೆ, ಸುಮ್ನೆ ಹಾಗೇ ಇರಲಿ.

ಆದರೆ ಕೆಆರ್‌ಎಸ್ ಮಟ್ಟದ ಪಟ್ಟಿ ಇರುವ ಪುಟವನ್ನು ಮಾತ್ರ ಬ್ಲಾಕ್‌ನಲ್ಲೇ ಮಾಡಿ. 6.9ರಲ್ಲಿ ಒಂದು ಬ್ಲಾಕನ್ನು ಅಳಿಸದೆ ಬಚ್ಚಿಡಬಹುದು. ಮಳೆಗಾಲದಲ್ಲಿ ಎಲ್ಲರೂ 124.80 ಅಡಿ ತುಂಬಿತಾ ಅಂತ ಕೇಳುತ್ತಾರೆ, ಉಳಿದ ಕಾಲದಲ್ಲಿ ಯಾರೂ ನೋಡುವುದಿಲ್ಲ. ಆಗ ಬಚ್ಚಿಡಿ, ಮತ್ತೆ ಜೂನ್‌ನಲ್ಲಿ ಲಿಸ್ಟ್ ವ್ಯೂ ಅನ್ನುವ ಬ್ಲಾಕ್‌ಗಳ ಪಟ್ಟಿಯಿಂದ ಹುಡುಕಿ ತೋರಿಸಿ.

ನಾಲೆಬದಿ, ಮಂಡ್ಯ

ಸ್ಕ್ರೀನ್ ಆಪ್ಷನ್ಸ್ ಮಾಡಿದೆ, ಈಗ ಉಸಿರಾಡುವ ಹಾಗಿದೆ! ಇನ್ನೆರಡು ಪ್ರಶ್ನೆ. ನೋಟ್ಸ್ ಅಂತ ಏನೋ ಬಂದಿದೆಯಂತೆ, ಅದು ಓದುಗರಿಗೆ ಕಾಣುತ್ತದಾ? ಆಮೇಲೆ ನಮ್ಮ ಲಿಂಕ್ ವಾಟ್ಸಾಪ್‌ಗೆ ಹಾಕಿದರೆ ಪರ್ಸೆಂಟ್ ಗುರುತಿನ ಉದ್ದ ಬಾಲ ಬರುತ್ತದೆ, ಜನ ವೈರಸ್ ಅಂದುಕೊಂಡು ಒತ್ತುವುದೇ ಇಲ್ಲ. ಹೊಸ ಆವೃತ್ತಿಯಲ್ಲಿ ಅದು ಸರಿಹೋಗಿದೆಯಾ?

ಹಳೇ ಪ್ರೂಫ್ ರೀಡರ್, ಸರಸ್ವತಿಪುರಂ

ನೋಟ್ಸ್ ಓದುಗರಿಗೆ ಕಾಣುವುದಿಲ್ಲ. ಪ್ಯಾರಾ ಪಕ್ಕದಲ್ಲಿ "ಈ ದರ ಇನ್ನೊಮ್ಮೆ ನೋಡು" ಅಂತ ಬರೆದಿಡಬಹುದು, ಗೆಳೆಯ ಅಲ್ಲೇ ಉತ್ತರ ಕೊಡಬಹುದು. ಮೂವರು ಬರೆಯುವ ಬ್ಲಾಗಿಗೆ ಹೇಳಿ ಮಾಡಿಸಿದ್ದು. ಬ್ಲಾಕ್ ಎಡಿಟರ್‌ನಲ್ಲಿ ಮಾತ್ರ ಸಿಗುತ್ತದೆ, ವಡೆಯವರೇ.

ಲಿಂಕ್ ವಿಷಯ ಸರಿಹೋಗಿಲ್ಲ, ತಾನಾಗೇ ಹೋಗುವುದೂ ಇಲ್ಲ. ನೀವು ಕನ್ನಡದಲ್ಲಿ ತಲೆಬರಹ ಕೊಟ್ಟರೆ ಅದೇ ವಿಳಾಸವೂ ಆಗುತ್ತದೆ. ಕಂಪ್ಯೂಟರ್ ಒಳಗೆ "ಮಂಡ್ಯ" ಐದು ತುಣುಕು: ಮ, ಸೊನ್ನೆ, ಡ, ಒತ್ತಿಗೆ ಬೇಕಾದ ವಿರಾಮ, ಯ. ವಿಳಾಸದಲ್ಲಿ ಒಂದೊಂದು ತುಣುಕೂ ಪರ್ಸೆಂಟ್ ಗುರುತಿನ ಸಂಕೇತವಾಗುತ್ತದೆ, ಅದಕ್ಕೆ 9 ಜಾಗ ಬೇಕು. ಅಲ್ಲಿಗೆ ಮಂಡ್ಯ ಒಂದಕ್ಕೇ 45. ಈ ಭಾಗಕ್ಕೆ ವರ್ಡ್‌ಪ್ರೆಸ್ ಡೇಟಾಬೇಸ್‌ನಲ್ಲಿ ಇಟ್ಟಿರುವುದು 200 ಜಾಗ, ಅಂದರೆ ಹೆಚ್ಚೆಂದರೆ 22 ತುಣುಕು. "ವಿಶ್ವೇಶ್ವರಯ್ಯ ನಾಲೆಗೆ ನೀರು" ಅಂತ ಶುರು ಮಾಡಿದರೆ ಮೂರನೇ ಪದವೇ ಪೂರ್ತಿ ಹಿಡಿಸುವುದಿಲ್ಲ. ನಿಮ್ಮ ತಲೆಬರಹಗಳು ಹೀಗೇ ಶುರುವಾಗುತ್ತವೆ ಅಂದರೆ ತುಂಡಾದ ಮೇಲೆ ಎಲ್ಲಾ ಒಂದೇ ಆಗಿ, ವಿಳಾಸದ ಕೊನೆಗೆ 2, 3 ಅಂತ ಅಂಕಿ ಅಂಟಿಕೊಂಡಿರಬೇಕು, ನೋಡಿ.

ದಾರಿ ಸುಲಭ. ಪ್ರಕಟಿಸುವ ಮೊದಲು ಬಲಗಡೆ ಪಟ್ಟಿಯಲ್ಲಿ ಸ್ಲಗ್ (ವಿಳಾಸದಲ್ಲಿ ಆ ಬರಹದ ಹೆಸರಿನ ಭಾಗ) ಅಂತ ಇರುತ್ತದೆ, ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದ ಹಾಕಿ. ತಲೆಬರಹ ಕನ್ನಡದಲ್ಲೇ ಇರುತ್ತದೆ. ಡ್ಯಾಶ್‌ಬೋರ್ಡ್‌ನ ಹೊಸ ಸೌಕರ್ಯಗಳೆಲ್ಲ ಇರಲಿ, ಕನ್ನಡದಲ್ಲಿ ಬರೆಯುವವರಿಗೆ ಎಲ್ಲಕ್ಕಿಂತ ಜಾಸ್ತಿ ಲಾಭ ಇದೊಂದರಿಂದಲೇ.

ನಾಲೆಬದಿ, ಮಂಡ್ಯ

ಅಂಕಿ ಅಂಟಿಕೊಂಡಿವೆ, ಹೌದು! ಹಳೇ ಬರಹಗಳ ಸ್ಲಗ್ ಈಗ ಬದಲಾಯಿಸಿದರೆ ಹಂಚಿದ ಲಿಂಕ್‌ಗಳು ಸಾಯುತ್ತವೆ ಅಲ್ವಾ?

ಹಳೇ ಪ್ರೂಫ್ ರೀಡರ್, ಸರಸ್ವತಿಪುರಂ

ಇಲ್ಲ. ಪ್ರಕಟವಾದ ಬರಹದ ಹಳೇ ಸ್ಲಗ್ಗನ್ನು ವರ್ಡ್‌ಪ್ರೆಸ್ ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತದೆ. ಜನ ಜಾಸ್ತಿ ಓದುವ ಬರಹಗಳನ್ನು ಮಾತ್ರ ಬದಲಾಯಿಸಿ, ಸಾಕು. ಸೆಟ್ಟಿಂಗ್ಸ್‌ನಲ್ಲಿರುವ ಪರ್ಮಾಲಿಂಕ್ಸ್ ಪುಟ ಮಾತ್ರ ಮುಟ್ಟಬೇಡಿ. ಅಲ್ಲಿ ಬದಲಾಯಿಸಿದರೆ ಎಲ್ಲಾ ಬರಹಗಳ ವಿಳಾಸವೂ ಒಂದೇ ಏಟಿಗೆ ಬದಲಾಗುತ್ತದೆ.