ಭಾವನ ಮನೆಯ ಶೋಧದಲ್ಲಿ ಅಪ್ಪಯ್ಯನ ನಗದೂ ಜಪ್ತಿಯಾಗಿದೆ, ತಿಳಿದವರು ದಾರಿ ಹೇಳಿ

ತುಂಗಾತೀರದವ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ತಂಗಿಯ ಮದುವೆಗೆ ಒಡವೆ, ಜವಳಿ ಕೊಳ್ಳಲೆಂದು ನಮ್ಮ ಅಪ್ಪಯ್ಯ ಹನ್ನೊಂದು ಲಕ್ಷ ರೂಪಾಯಿ ನಗದು ಹಿಡಿದು ಬೆಂಗಳೂರಿಗೆ ಹೋಗಿ ಅಕ್ಕನ ಮನೆಯಲ್ಲಿ ಉಳಿದಿದ್ದರು. ಭಾವ ಒಂದು ಹಣಕಾಸು ಸಂಸ್ಥೆಯಲ್ಲಿ ಪಾಲುದಾರರು. ಆ ಸಂಸ್ಥೆಯ ಮೇಲೆ ಠೇವಣಿದಾರರು ವಂಚನೆಯ ದೂರು ಕೊಟ್ಟ ವಿಷಯ ನಮಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯಡಿ ಮನೆಯ ಶೋಧ ನಡೆದು, ಭಾವನ ಕಪಾಟಿನ ಹಣದ ಜೊತೆಗೆ ಅಪ್ಪಯ್ಯನ ಚೀಲದಲ್ಲಿದ್ದದ್ದೂ ಜಪ್ತಿಯಾಯಿತು. ಅದರಲ್ಲಿ ಏಳು ಲಕ್ಷ ಬ್ಯಾಂಕಿನಿಂದ ತೆಗೆದದ್ದು, ನಾಲ್ಕು ಲಕ್ಷ ಅಡಿಕೆ ಮಾರಿ ಬಂದದ್ದು. ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಅರ್ಜಿ ಹಾಕಿದರೆ ಬಿಡುಗಡೆಯಾಗುತ್ತದೆ ಎಂದು ಊರಿನಲ್ಲಿ ಒಬ್ಬರು ಹೇಳುತ್ತಿದ್ದಾರೆ. ನಿಜವೇ? ಇಂಥದ್ದನ್ನು ದಾಟಿ ಬಂದವರು ಇದ್ದರೆ ದಯವಿಟ್ಟು ತಿಳಿಸಿ. ಮದುವೆಗೆ ಹೆಚ್ಚು ಸಮಯವಿಲ್ಲ.

ಪುತ್ತೂರಿನಿಂದ:

ಮೊದಲು ಕಹಿ ಮಾತು. ಮದುವೆಯ ಖರ್ಚಿಗೆ ಈ ಹಣವನ್ನು ನಂಬಬೇಡಿ, ಬೇರೆ ಏರ್ಪಾಡು ಮಾಡಿಕೊಳ್ಳಿ. ನಮ್ಮ ದೊಡ್ಡಪ್ಪನ ಹಣ ಇದೇ ರೀತಿ ಬೇರೆಯವರ ಮನೆಯಲ್ಲಿ ಸಿಕ್ಕಿಬಿದ್ದಿತ್ತು. ವಾಪಸು ಬಂತು. ಆದರೆ ಅಷ್ಟರಲ್ಲಿ ಅವರ ಮಗಳ ಮದುವೆಯಾಗಿ, ಮೊಮ್ಮಗನ ನಾಮಕರಣವೂ ಮುಗಿದಿತ್ತು.

ನಮಗೆ ಕೆಲಸಕ್ಕೆ ಬಂದದ್ದು ಒಂದೇ: ದೊಡ್ಡಪ್ಪ ತಮ್ಮ ಹೆಸರಿನಲ್ಲೇ ಹಕ್ಕು ಕೇಳಿದರು. ಮನೆಯ ಯಜಮಾನ ತನ್ನ ಉತ್ತರದಲ್ಲಿ ‘ಇದರಲ್ಲಿ ಇಷ್ಟು ನಮ್ಮ ನೆಂಟರದು’ ಎಂದು ಒಂದು ಸಾಲು ಬರೆದರೆ ಅದು ತಪ್ಪಿಸಿಕೊಳ್ಳುವ ನೆಪದಂತೆ ಕಾಣುತ್ತದೆ. ಹಣದ ಒಡೆಯನೇ ಬಂದು, ಇದು ನನ್ನದು, ಇಲ್ಲಿಂದ ಬಂತು, ಈ ಕಾರಣಕ್ಕೆ ಅಲ್ಲಿತ್ತು ಎಂದು ದಾಖಲೆ ಇಟ್ಟರೆ ಕೇಳಿಸಿಕೊಳ್ಳುತ್ತಾರೆ.

ವಕೀಲ, ಬೆಂಗಳೂರು:

ಮ್ಯಾಜಿಸ್ಟ್ರೇಟ್ ದಾರಿ ಇಲ್ಲಿ ನಡೆಯುವುದಿಲ್ಲ. ಪೊಲೀಸರು ಕಳವಿನ ಪ್ರಕರಣದಲ್ಲಿ ಜಪ್ತಿ ಮಾಡಿದ ವಸ್ತುವಿಗೆ ಆ ಅರ್ಜಿ ಸರಿ. ಈ ಕಾಯಿದೆಯ 17ನೇ ಸೆಕ್ಷನ್ ಅಡಿ ಜಪ್ತಿಯಾದ ಹಣದ ಹಾದಿಯೇ ಬೇರೆ. ಜಪ್ತಿಯಾದ 30 ದಿನಗಳೊಳಗೆ ಜಾರಿ ನಿರ್ದೇಶನಾಲಯವು ಆ ಹಣವನ್ನು ತನ್ನಲ್ಲೇ ಉಳಿಸಿಕೊಳ್ಳಲು ಅನುಮತಿ ಕೋರಿ ದೆಹಲಿಯ ನ್ಯಾಯನಿರ್ಣಯ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು. ಪ್ರಾಧಿಕಾರ ನೋಟಿಸ್ ಕೊಡುತ್ತದೆ. ಉತ್ತರಿಸಲು ಕನಿಷ್ಠ 30 ದಿನಗಳ ಕಾಲಾವಕಾಶ ಇರಬೇಕು. ನೋಟಿಸ್ ಹೋಗುವುದು ಬಹುಶಃ ನಿಮ್ಮ ಭಾವನಿಗೆ. ನಿಮ್ಮ ತಂದೆಯವರಿಗೆ ಬಾರದೇ ಇರಬಹುದು, ಆದ್ದರಿಂದ ಕಾಯುತ್ತಾ ಕುಳಿತುಕೊಳ್ಳಬೇಡಿ. ನೋಟಿಸ್ ಪಡೆಯದ ವ್ಯಕ್ತಿ ಸ್ವತ್ತು ತನ್ನದೆಂದು ಹೇಳಿದರೆ ಅವನ ವಾದವನ್ನೂ ಕೇಳಬೇಕೆಂದು 8ನೇ ಸೆಕ್ಷನ್‌ನಲ್ಲೇ ಇದೆ. ಪುತ್ತೂರಿನವರು ಹೇಳಿದ್ದಕ್ಕೆ ಆಧಾರ ಇದೇ.

ಪ್ರಾಧಿಕಾರದ ಅನುಮತಿ ಇಲ್ಲದೆ 180 ದಿನಗಳಿಗಿಂತ ಹೆಚ್ಚು ಕಾಲ ಹಣ ಇಟ್ಟುಕೊಳ್ಳುವಂತಿಲ್ಲ. ಅನುಮತಿ ಸಿಕ್ಕಿದರೆ ತನಿಖೆಯ ಹಂತದಲ್ಲಿ 365 ದಿನಗಳವರೆಗೆ, ಪ್ರಕರಣ ವಿಶೇಷ ನ್ಯಾಯಾಲಯಕ್ಕೆ ಹೋದರೆ ಅದು ಮುಗಿಯುವವರೆಗೆ ಅಲ್ಲೇ ಇರುತ್ತದೆ. ಆದೇಶ ನಿಮಗೆ ವಿರುದ್ಧವಾದರೆ 45 ದಿನಗಳಲ್ಲಿ ಮೇಲ್ಮನವಿ ನ್ಯಾಯಮಂಡಳಿಗೆ, ಅಲ್ಲಿಂದ 60 ದಿನಗಳಲ್ಲಿ ಹೈಕೋರ್ಟಿಗೆ ಹೋಗಬಹುದು.

ಜಪ್ತಿ ಬೇರೆ, ಮುಟ್ಟುಗೋಲು ಬೇರೆ ಎಂಬುದನ್ನು ಮನೆಯವರಿಗೂ ತಿಳಿಸಿ. ಹಣ ಕೇಂದ್ರ ಸರ್ಕಾರಕ್ಕೆ ಪೂರ್ತಿಯಾಗಿ ಸೇರುವುದು ಸಾಮಾನ್ಯವಾಗಿ ವಿಚಾರಣೆ ಮುಗಿದು, ಅಪರಾಧ ಸಾಬೀತಾದ ಮೇಲೆ. ಈಗ ಆಗಿರುವುದು ಜಪ್ತಿ ಮಾತ್ರ. ಹಾಗೆಂದು ಸಮಾಧಾನದಿಂದ ಮಲಗುವ ಹಾಗೂ ಇಲ್ಲ. ಶೋಧ ನಡೆದ ಮನೆಯಲ್ಲಿ ಸಿಕ್ಕ ಸ್ವತ್ತು ಆ ಮನೆಯವನದೇ ಎಂದು ಕಾನೂನು ಮೊದಲಿಗೆ ಊಹಿಸುತ್ತದೆ. ಆ ಊಹೆಯನ್ನು ದಾಖಲೆಯಿಂದ ಮುರಿಯಬೇಕಾದವರು ನೀವು. ಈ ಕಾಯಿದೆಯ ಬಿಗಿ ನಿಯಮಗಳನ್ನು ಸುಪ್ರೀಂ ಕೋರ್ಟ್ 2022ರ ಜುಲೈ 27ರಂದು ವಿಜಯ್ ಮದನ್‌ಲಾಲ್ ಚೌಧರಿ ಪ್ರಕರಣದಲ್ಲಿ ಬಹುಪಾಲು ಎತ್ತಿಹಿಡಿದಿದೆ. ‘ಸಾಬೀತು ಮಾಡಬೇಕಾದವರು ಅವರಲ್ಲವೇ’ ಎಂಬ ವಾದದ ಮೇಲೆ ಮಾತ್ರ ನಿಲ್ಲಬೇಡಿ.

ಇನ್ನೊಂದನ್ನು ಯಾರೂ ಹೇಳುವುದಿಲ್ಲ. ಮೋಸಹೋದ ಠೇವಣಿದಾರರೂ ಈ ಹಣದ ಮೇಲೆ ಕಣ್ಣಿಟ್ಟಿರುತ್ತಾರೆ, ಅದು ನ್ಯಾಯವೇ. ನಷ್ಟ ಅನುಭವಿಸಿದವರಿಗೆ ಸ್ವತ್ತು ಹಿಂತಿರುಗಿಸಲು ವಿಶೇಷ ನ್ಯಾಯಾಲಯಕ್ಕೆ ಅಧಿಕಾರವಿದೆ. ನಿಮ್ಮ ಹನ್ನೊಂದು ಲಕ್ಷ ಭಾವನ ರಾಶಿಯಲ್ಲಿ ಗುರುತಿಲ್ಲದೆ ಸೇರಿಹೋದರೆ, ಆಮೇಲೆ ನೀವು ಎದುರಿಸಬೇಕಾದದ್ದು ಇಲಾಖೆಯನ್ನು ಮಾತ್ರವಲ್ಲ, ಹಣ ಕಳೆದುಕೊಂಡ ಸಾಮಾನ್ಯ ಜನರನ್ನು ಕೂಡ.

ತುಂಗಾತೀರದವ:

ತುಂಬಾ ಉಪಕಾರವಾಯಿತು ಸರ್. ಒಂದು ತೊಡಕಿದೆ. ಶೋಧದ ದಿನ ಭಾವ ಗಾಬರಿಯಲ್ಲಿ ‘ಮನೆಯಲ್ಲಿರುವುದೆಲ್ಲ ನನ್ನದೇ’ ಎಂದು ಹೇಳಿಕೆ ಕೊಟ್ಟಿದ್ದಾರೆ. ಮಾವನನ್ನು ಇದರಲ್ಲಿ ಎಳೆಯಬಾರದು ಎಂದು ಹಾಗೆ ಹೇಳಿದರಂತೆ. ಅಪ್ಪಯ್ಯ ಹೆದರಿ ಸುಮ್ಮನಿದ್ದರು.

ವಕೀಲ, ಬೆಂಗಳೂರು:

ಒಳ್ಳೆಯ ಮನಸ್ಸಿನಿಂದ ಹೇಳಿದ ಸುಳ್ಳು ಇಲ್ಲಿ ಎಲ್ಲಕ್ಕಿಂತ ದುಬಾರಿ. ಈ ಕಾಯಿದೆಯ 50ನೇ ಸೆಕ್ಷನ್ ಅಡಿ ಕೊಟ್ಟ ಹೇಳಿಕೆಗೆ ಪೊಲೀಸರ ಮುಂದಿನ ಹೇಳಿಕೆಗಿಂತ ಹೆಚ್ಚು ತೂಕ. ಅದು ಸಾಕ್ಷ್ಯವಾಗಿ ನಿಲ್ಲುತ್ತದೆ. ಆದರೂ ಒಬ್ಬರ ಹೇಳಿಕೆಯಿಂದ ಇನ್ನೊಬ್ಬರ ಒಡೆತನ ಅಳಿಸಿಹೋಗುವುದಿಲ್ಲ. ಭಾವ ತಮ್ಮ ವಕೀಲರನ್ನು ಕೇಳಿ, ಆದಷ್ಟು ಬೇಗ ಲಿಖಿತವಾಗಿ ತಿದ್ದಿಕೊಳ್ಳಲಿ. ತಡವಾದಷ್ಟೂ ಅದು ಮನೆಯವರು ಕೂತು ಹೆಣೆದ ಕಥೆಯಂತೆ ತೋರುತ್ತದೆ. ತಂದೆಯವರು ಬೇರೆ ವಕೀಲರನ್ನು ಇಟ್ಟುಕೊಳ್ಳಲಿ. ಇಬ್ಬರ ಹಿತ ಒಂದೇ ಅಲ್ಲ, ಅಕ್ಕನಿಗೆ ಬೇಸರವಾದರೂ ಸರಿ.

ಲೆಕ್ಕಪರಿಶೋಧಕಿ, ದಾವಣಗೆರೆ:

ಕಾನೂನು ಅವರು ಹೇಳಿದರು, ಕಾಗದದ ವಿಚಾರ ನಾನು ಹೇಳುತ್ತೇನೆ.

ಏಳು ಲಕ್ಷಕ್ಕೆ ಪಾಸ್‌ಪುಸ್ತಕದ ನಮೂದು ಸಾಕೆಂದು ತಿಳಿಯಬೇಡಿ. ಬ್ಯಾಂಕಿನಿಂದ ತೆಗೆದ ದಿನಕ್ಕೂ ಜಪ್ತಿಯ ದಿನಕ್ಕೂ ಎಷ್ಟು ಅಂತರವಿದೆ? ನಾಲ್ಕೈದು ದಿನಗಳಾದರೆ ಯಾರೂ ಹೆಚ್ಚು ಕೇಳುವುದಿಲ್ಲ. ಆರು ತಿಂಗಳಾಗಿದ್ದರೆ, ಅಷ್ಟು ಹಣವನ್ನು ಮನೆಯಲ್ಲಿ ಏಕೆ ಇಟ್ಟಿದ್ದಿರಿ ಎಂಬ ಪ್ರಶ್ನೆಗೆ ಉತ್ತರ ಬೇಕು. ಪಂಚನಾಮೆ ತೆರೆದು ನೋಟುಗಳ ವಿವರ ನೋಡಿ: ಯಾವ ಮುಖಬೆಲೆ, ಎಷ್ಟು ಕಟ್ಟು, ಎಲ್ಲಿ ಸಿಕ್ಕಿತು. ಚೀಲದ ಹಣ ಮತ್ತು ಕಪಾಟಿನ ಹಣ ಬೇರೆ ಬೇರೆ ಬರೆದಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಬ್ಯಾಂಕಿನ ಕಟ್ಟಿನ ಮೇಲೆ ಶಾಖೆಯ ಮುದ್ರೆ, ದಿನಾಂಕವಿರುವ ಕಾಗದದ ಪಟ್ಟಿ ಇರುತ್ತದಲ್ಲ, ಅದರ ಉಲ್ಲೇಖ ಪಂಚನಾಮೆಯಲ್ಲಿದ್ದರೆ ಬಂಗಾರ. ಎಣಿಸಿದ ಮೇಲೆ ಹಣ ಬ್ಯಾಂಕ್ ಖಾತೆ ಸೇರುತ್ತದೆ, ಅದೇ ನೋಟುಗಳು ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಗುರುತು ಉಳಿಯುವುದು ಆ ಪಂಚನಾಮೆಯಲ್ಲಿ ಮಾತ್ರ.

ನಾಲ್ಕು ಲಕ್ಷದ ಬಗ್ಗೆ ನನಗೆ ಹೆಚ್ಚು ಚಿಂತೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಒಬ್ಬರಿಂದ ಒಂದೇ ದಿನ, ಅಥವಾ ಒಂದೇ ವ್ಯವಹಾರಕ್ಕೆ, ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ ಎಂಬ ನಿಯಮ 2017ರ ಏಪ್ರಿಲ್‌ನಿಂದ ಇದೆ. ರೈತರಿಗೂ ಇದರಿಂದ ವಿನಾಯಿತಿ ಇಲ್ಲ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. (ಸೆಕ್ಷನ್ ಸಂಖ್ಯೆ ಬರೆಯುವುದಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಎಲ್ಲ ಸಂಖ್ಯೆಗಳೂ ಬದಲಾಗಿ ನಮಗೇ ತಲೆ ಕೆಟ್ಟಿದೆ.) ಬೇರೆ ಬೇರೆ ವ್ಯಾಪಾರಿಗಳಿಗೆ, ಬೇರೆ ಬೇರೆ ದಿನ ಮಾರಿದ್ದರೆ ತೊಂದರೆ ಇಲ್ಲ. ಒಂದೇ ಮಂಡಿಯಲ್ಲಿ ಒಂದೇ ಸಲ ಮಾರಿದ್ದರೆ ಈಗ ಹೋಗಿ ಬಿಲ್ ಒಡೆಸಿ ಬರೆಸಿಕೊಳ್ಳುವ ಬುದ್ಧಿ ಮಾತ್ರ ಬೇಡ. ತೆರಿಗೆಯ ದಂಡವನ್ನು ಎದುರಿಸಬಹುದು. ಸುಳ್ಳು ಬಿಲ್ ಸಿಕ್ಕಿಬಿದ್ದರೆ ಬ್ಯಾಂಕಿನ ಏಳು ಲಕ್ಷದ ಸತ್ಯವನ್ನೂ ಯಾರೂ ನಂಬುವುದಿಲ್ಲ.

ಹಾಗೆಯೇ, ಪಹಣಿಯ ಬೆಳೆ ಕಾಲಂನಲ್ಲಿ ಅಡಿಕೆ ಇದೆಯೇ ನೋಡಿ. ತೋಟವಿದ್ದರೂ ಅಲ್ಲಿ ಭತ್ತ ಎಂದೇ ಉಳಿದಿರುವ ಪಹಣಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ಹುಬ್ಬಳ್ಳಿಯಿಂದ:

ನಮ್ಮದು ಇನ್ನೂ ಮುಗಿದಿಲ್ಲ, ಆದ್ದರಿಂದ ಸಲಹೆ ಕೊಡುವ ಅರ್ಹತೆ ನನಗಿಲ್ಲ. ಎಚ್ಚರಿಕೆ ಮಾತ್ರ ಹೇಳುತ್ತೇನೆ. ಹಣ ಜಪ್ತಿಯಾದ ಸುದ್ದಿ ಹರಡಿದ ಕೂಡಲೇ ‘ದೆಹಲಿಯಲ್ಲಿ ನಮ್ಮವರಿದ್ದಾರೆ, ಇಷ್ಟು ಕೊಟ್ಟರೆ ಬಿಡಿಸುತ್ತಾರೆ’ ಎನ್ನುವವರು ಮನೆ ಬಾಗಿಲಿಗೆ ಬರುತ್ತಾರೆ. ನಮ್ಮ ಮನೆಗೆ ಬಂದವನು ಚಹಾ ಕುಡಿಯುವ ಮೊದಲೇ ಮುಂಗಡ ಕೇಳಿದ. ವಾಟ್ಸ್‌ಆ್ಯಪ್‌ನಲ್ಲಿ ಸಮನ್ಸ್ ಬಂದರೆ ಗಾಬರಿಯಾಗಬೇಡಿ. ಅಸಲಿ ಸಮನ್ಸ್‌ನಲ್ಲಿ ಕ್ಯೂಆರ್ ಕೋಡ್ ಇರುತ್ತದೆ, ಇಲಾಖೆಯ ಜಾಲತಾಣದಲ್ಲಿ ಪರಿಶೀಲಿಸಬಹುದು. ಅಸಲಿಯಾದರೆ ತಪ್ಪದೆ ಹಾಜರಾಗಿ. ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಬಂಧನ’ ಎಂದು ಹೆದರಿಸುವವರು ಕಳ್ಳರು, ಫೋನ್ ಇಟ್ಟುಬಿಡಿ.

ತುಂಗಾತೀರದವ:

ಪಂಚನಾಮೆ ನೋಡಿದೆ. ‘ಅತಿಥಿ ಕೋಣೆಯ ಚೀಲದಲ್ಲಿ’ ಎಂದು ಪ್ರತ್ಯೇಕವಾಗಿಯೇ ಬರೆದಿದ್ದಾರೆ. ಬ್ಯಾಂಕಿನ ಪಟ್ಟಿಯ ಉಲ್ಲೇಖ ಇಲ್ಲ. ಅಡಿಕೆಯನ್ನು ಅಪ್ಪಯ್ಯ ಒಂದೇ ಮಂಡಿಗೆ ಎರಡು ಸಲ ಹಾಕಿದ್ದಾರೆ: ಮೊದಲು ಒಂದು ಲಕ್ಷ ಎಂಬತ್ತು ಸಾವಿರ, ವಾರದ ಬಳಿಕ ಉಳಿದದ್ದು.

ಲೆಕ್ಕಪರಿಶೋಧಕಿ, ದಾವಣಗೆರೆ:

ಹಾಗಾದರೆ ಎರಡನೆಯದು ಎರಡು ಲಕ್ಷ ಇಪ್ಪತ್ತು ಸಾವಿರ. ಮಿತಿ ದಾಟಿದ್ದು ಅದೊಂದೇ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಬ್ಯಾಂಕಿನ ವ್ಯವಸ್ಥಾಪಕರಿಗೆ ಇವತ್ತೇ ಅರ್ಜಿ ಕೊಟ್ಟು ಹಣ ತೆಗೆದ ಚೆಕ್ಕಿನ ಪ್ರತಿ ಕೇಳಿ. ಚೆಕ್ಕಿನ ಹಿಂದೆ ನೋಟಿನ ಮುಖಬೆಲೆ ಗುರುತಿಸುವ ರೂಢಿ ಎಷ್ಟೋ ಶಾಖೆಗಳಲ್ಲಿದೆ, ಪಂಚನಾಮೆಯ ವಿವರಕ್ಕೆ ಹೊಂದಿದರೆ ಪಟ್ಟಿ ಇಲ್ಲದ ಕೊರತೆ ತುಂಬುತ್ತದೆ. ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟ ರಸೀದಿ, ಶೋಧಕ್ಕಿಂತ ಮೊದಲಿನದು ಇದ್ದರೆ, ಅದನ್ನೂ ಕಡತಕ್ಕೆ ಸೇರಿಸಿ.